ಸೇಲಂ, ಧರ್ಮಪುರಿ ನೆಲದ ನಕ್ಷೆ: ಬೆಳೆಗೆ ಸಿಗುವ ನೀರೆಷ್ಟು, ಸತ್ವವೆಷ್ಟು?

ಒಂದೇ ಊರು, ಒಂದೇ ಮಳೆ, ಒಂದೇ ಅಂಗಡಿಯ ಬೀಜ. ಆದರೂ ದಿಣ್ಣೆಯ ಮೇಲಿನ ಹೊಲದ ರಾಗಿ ಮಳೆ ನಿಂತ ವಾರಕ್ಕೇ ಸುರುಟಿಕೊಳ್ಳುತ್ತದೆ, ಹಳ್ಳದ ಪಕ್ಕದ ಹೊಲದ ರಾಗಿ ಹದಿನೈದು ದಿನ ತಡೆಯುತ್ತದೆ. ಒಬ್ಬರು ಎರಡು ಮೂಟೆ ಗೊಬ್ಬರ ಹಾಕಿದರೂ ಎಲೆ ಹಳದಿಯಾಗಿಯೇ ಇರುತ್ತದೆ, ಪಕ್ಕದವರು ಒಂದೇ ಮೂಟೆ ಹಾಕಿ ಒಳ್ಳೆ ಬೆಳೆ ತೆಗೆಯುತ್ತಾರೆ. ಇದಕ್ಕೆ ಕಾರಣ ನೆಲದೊಳಗಿದೆ. ಮಣ್ಣು ಎಷ್ಟು ನೀರನ್ನು ಹಿಡಿದು ಬೇರಿಗೆ ಕೊಡುತ್ತದೆ, ಎಷ್ಟು ಸತ್ವವನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಹೊಲದಿಂದ ಹೊಲಕ್ಕೆ ಅಳೆದು ಕಾಗದದ ಮೇಲೆ ಗುರುತಿಸುವುದೇ ಮಣ್ಣಿನ ನಕ್ಷೆ.

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಈ ಕೆಲಸ ಹೇಗೆ ನಡೆದಿದೆ, ನಕ್ಷೆ ಮತ್ತು ಮಣ್ಣಿನ ಕಾರ್ಡನ್ನು ಓದುವುದು ಹೇಗೆ, ಗಡಿಯ ಆಚೆ ಈಚೆಯ ಲೆಕ್ಕಗಳಲ್ಲಿ ಇರುವ ವ್ಯತ್ಯಾಸವೇನು ಎಂಬ ವಿವರ ಇಲ್ಲಿದೆ. ಪೆನ್ನಾಗರಂ, ಮೇಟ್ಟೂರು, ಕೊಳತ್ತೂರು ಕಡೆಯವರಿಗೂ, ಹೊಸೂರು, ತಳಿ, ಡೆಂಕಣಿಕೋಟೆ ಕಡೆಯವರಿಗೂ ಇದು ಉಪಯೋಗಕ್ಕೆ ಬರಬಹುದು.

ನೆಲದ ಪರಿಚಯ

ಇಂದಿನ ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳೆಲ್ಲ ಹಿಂದೆ ಒಂದೇ ಸೇಲಂ ಜಿಲ್ಲೆಯಾಗಿದ್ದವು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಬೇರೆಯಾಯಿತು. 1997ರಲ್ಲಿ ನಾಮಕ್ಕಲ್, 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಪ್ರತ್ಯೇಕವಾದವು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ, ನಕ್ಷೆಗಳಲ್ಲಿ ಹೊಸೂರಿನ ಮಣ್ಣನ್ನು ಹುಡುಕುವವರು ಸೇಲಂ ಅಥವಾ ಧರ್ಮಪುರಿ ಹೆಸರಿನಲ್ಲಿ ನೋಡಬೇಕು.

ಹಳೆಯ ಕಂದಾಯ ದಾಖಲೆಗಳು ಈ ಪ್ರದೇಶವನ್ನು ಮೂರು ಭಾಗ ಮಾಡಿದ್ದವು. ಸೇಲಂ ಸುತ್ತಲಿನ ತಗ್ಗು ಪ್ರದೇಶ ತಾಲಾಘಾಟ್, ಧರ್ಮಪುರಿ ಮತ್ತು ಕೃಷ್ಣಗಿರಿ ಬಯಲು ಬಾರಾಮಹಲ್, ಮೈಸೂರು ಪ್ರಸ್ಥಭೂಮಿಗೆ ಸೇರಿದ ಹೊಸೂರು ಕಡೆ ಬಾಲಾಘಾಟ್. ಮಣ್ಣಿನ ದೃಷ್ಟಿಯಿಂದಲೂ ಈ ವಿಂಗಡಣೆಗೆ ಅರ್ಥವಿದೆ, ಎತ್ತರ, ಮಳೆ ಮತ್ತು ಬಿಸಿಲು ಮೂರು ಕಡೆಯೂ ಬೇರೆ ಬೇರೆ.

ಇಲ್ಲಿನ ಬಹುಪಾಲು ನೆಲ ಗ್ರಾನೈಟ್ ಜಾತಿಯ ನೈಸ್ ಮತ್ತು ಚಾರ್ನೊಕೈಟ್ ಶಿಲೆ ಕರಗಿ ಆದದ್ದು. ಅದರಿಂದ ಬರುವುದು ಕೆಮ್ಮಣ್ಣು. ದಿಣ್ಣೆಗಳ ಮೇಲೆ ಅದು ಗರಸು ಬೆರೆತು ತೆಳ್ಳಗಿರುತ್ತದೆ. ಇಳಿಜಾರಿನಲ್ಲಿ ಕೆಳಗಿಳಿದಂತೆ ಆಳವೂ ಜಿಗುಟೂ ಹೆಚ್ಚುತ್ತವೆ. ತಗ್ಗುಗಳಲ್ಲಿ ಕಪ್ಪು ಮಣ್ಣು, ಕೆಲವೆಡೆ ಸುಣ್ಣದ ಹರಳು ಕಾಣಿಸುತ್ತದೆ. ನೀರು ಬಸಿಯದ ಕಡೆ ಚೌಳು ಏಳುತ್ತದೆ. ಏರ್ಕಾಡು ಇರುವ ಶೇರ್ವರಾಯನ್ ಬೆಟ್ಟಗಳ ಮೇಲೆ ಹೆಚ್ಚು ಮಳೆಯಿಂದ ಸುಣ್ಣಾಂಶ ತೊಳೆದುಹೋಗಿ ಮಣ್ಣು ಹುಳಿಯಾಗಿದೆ. ಅಲ್ಲಿ ಬಾಕ್ಸೈಟ್ ಕೂಡ ಇದೆ. ಸೇಲಂ ಪಟ್ಟಣದ ಹತ್ತಿರದ ಮ್ಯಾಗ್ನಸೈಟ್ ಗುಡ್ಡಗಳ ಸುತ್ತ ಮಣ್ಣಿನಲ್ಲಿ ಮೆಗ್ನೀಸಿಯಂ ಜಾಸ್ತಿ. ಮೆಗ್ನೀಸಿಯಂ ಅತಿಯಾದ ಕಡೆ ಬೇರು ಪೊಟ್ಯಾಷ್ ಮತ್ತು ಸುಣ್ಣಾಂಶವನ್ನು ಹೀರುವುದು ಕಷ್ಟವಾಗುತ್ತದೆ. ಸೇಲಂ ಸೀಮೆಯ ಮುಖ್ಯ ಬೆಳೆಯಾದ ಮರಗೆಣಸಿಗೆ ಪೊಟ್ಯಾಷ್ ಬಹಳ ಬೇಕಾದ್ದರಿಂದ ಇದು ಸಣ್ಣ ವಿಷಯವಲ್ಲ.

ಬಯಲಿನಲ್ಲಿ ವರ್ಷದ ಮಳೆ ಸುಮಾರು 850ರಿಂದ 1000 ಮಿ.ಮೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಳೆ, ಎರಡೂ ಸಿಗುತ್ತವೆ. ಒಟ್ಟು ಮಳೆ ತೀರಾ ಕಡಿಮೆಯೇನಲ್ಲ, ಎರಡು ಮಳೆಗಳ ನಡುವಿನ ಅಂತರವೇ ತೊಂದರೆ. ಆ ಅಂತರವನ್ನು ಬೆಳೆ ದಾಟುವುದು ಮಣ್ಣು ಹಿಡಿದಿಟ್ಟ ನೀರಿನಿಂದ.

ಹಳೆಯ ನಕ್ಷೆ: ತೆರಿಗೆಗಾಗಿ ಮಣ್ಣಿನ ವರ್ಗ

ಮಣ್ಣನ್ನು ಹೊಲವಾರು ವಿಂಗಡಿಸುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಮತ್ತು ಸೇಲಂ ಕಂಪನಿಯ ವಶಕ್ಕೆ ಹೋದ ಮೇಲೆ ಅಲೆಕ್ಸಾಂಡರ್ ರೀಡ್ ಇಲ್ಲಿ ಭೂಮಿ ಅಳತೆ ಮಾಡಿಸಿದನು. ಅವನ ಸಹಾಯಕರಲ್ಲಿ ಥಾಮಸ್ ಮನ್ರೋ ಒಬ್ಬನು. ಮುಂದೆ ಮದರಾಸು ಪ್ರಾಂತ್ಯದಲ್ಲಿ ಹರಡಿದ ರೈತವಾರಿ ಪದ್ಧತಿಯ ಮೊದಲ ಪ್ರಯೋಗಗಳು ನಡೆದದ್ದು ಈ ನೆಲದಲ್ಲೇ.

ಆಮೇಲಿನ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕಾಲದಲ್ಲಿ ಪ್ರತಿ ಸರ್ವೆ ನಂಬರಿಗೂ ಮಣ್ಣಿನ ವರ್ಗ ಬರೆಯಲಾಯಿತು. ಅದು ಇಂದಿಗೂ ಉಳಿದಿದೆ. ತಮಿಳುನಾಡಿನ ಗ್ರಾಮ ಲೆಕ್ಕದ 'ಅ' ಪದಿವೇಡಿನ ನಕಲು ತೆಗೆಸಿದರೆ ನಂಜೈ, ಪುಂಜೈ ಎಂಬುದರ ಜೊತೆಗೆ 'ಮಣ್ ವಯನಮುಂ ರಗಮುಂ' ಎಂಬ ಕಲಂ ಮತ್ತು 'ಮಣ್ ತರಂ' ಎಂಬ ಕಲಂ ಕಾಣುತ್ತವೆ. ಮೊದಲನೆಯದು ಮಣ್ಣಿನ ಜಾತಿ ಮತ್ತು ಬಗೆ, ಎರಡನೆಯದು ತೀರ್ವೆ ಹಾಕಲು ಇಟ್ಟ ದರ್ಜೆ. ಕರ್ನಾಟಕದ ಪಹಣಿಯಲ್ಲೂ 'ಮಣ್ಣಿನ ನಮೂನೆ' ಎಂಬ ಕಲಂ ಇದೆ.

ಈ ದರ್ಜೆಯನ್ನು ಇಂದಿನ ಗೊಬ್ಬರದ ಲೆಕ್ಕಕ್ಕೆ ಬಳಸಲಾಗದು. ಅದು ಕಣ್ಣಳತೆಯಿಂದ, ತೆರಿಗೆಗಾಗಿ ಆದ ವಿಂಗಡಣೆ. ಅಂದಿನಿಂದ ಎಷ್ಟೋ ದಿಣ್ಣೆಗಳ ಮೇಲ್ಮಣ್ಣು ಕೊಚ್ಚಿಹೋಗಿದೆ, ಎಷ್ಟೋ ಕೆರೆ ಬಯಲುಗಳು ಮಟ್ಟವಾಗಿವೆ. ಆದರೂ ಒಂದು ಊರಿನ ಯಾವ ಭಾಗದಲ್ಲಿ ಮಣ್ಣು ಬದಲಾಗುತ್ತದೆ ಎಂಬ ಮೊದಲ ಸುಳಿವು ಅದರಿಂದ ಸಿಗುತ್ತದೆ.

'ಸಿಗುವ ನೀರು' ಎಂದರೇನು?

ನಾವು 'ಹದ' ಎನ್ನುವುದನ್ನು, ತಮಿಳಿನಲ್ಲಿ 'ಪದಂ' ಎನ್ನುವುದನ್ನು ವಿಜ್ಞಾನಿಗಳು ಅಳತೆಯಲ್ಲಿ ಹೇಳುತ್ತಾರೆ. ಜೋರು ಮಳೆ ಬಂದು ಹೆಚ್ಚಿನ ನೀರು ಬಸಿದುಹೋದ ಮೇಲೆ, ಒಂದೆರಡು ದಿನದಲ್ಲಿ, ಮಣ್ಣು ತನ್ನ ಶಕ್ತಿಗೆ ತಕ್ಕಷ್ಟು ನೀರು ಹಿಡಿದುಕೊಂಡು ನಿಲ್ಲುತ್ತದೆ. ಇದು ಮೇಲಿನ ಗೆರೆ. ಬೆಳೆ ಹೀರುತ್ತಾ ಹೋದಂತೆ ಉಳಿದ ನೀರನ್ನು ಮಣ್ಣಿನ ಕಣ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಕೊನೆಗೆ ಸಂಜೆ ತಂಪಾದರೂ ಗಿಡ ತಲೆಯೆತ್ತದ ಸ್ಥಿತಿ ಬರುತ್ತದೆ. ಇದು ಕೆಳಗಿನ ಗೆರೆ, ಬಾಡುವ ಹಂತ. ಆಗಲೂ ಮಣ್ಣಿನಲ್ಲಿ ನೀರಿರುತ್ತದೆ, ಬೇರಿಗೆ ಎಳೆಯಲಾಗದು ಅಷ್ಟೆ. ಈ ಎರಡು ಗೆರೆಗಳ ನಡುವಿನದೇ ಬೆಳೆಗೆ ಸಿಗುವ ನೀರು. ಪ್ರಯೋಗಾಲಯದಲ್ಲಿ ಮೇಲಿನ ಗೆರೆಯನ್ನು ಸುಮಾರು ಮೂರನೇ ಒಂದು ಬಾರ್ ಒತ್ತಡದಲ್ಲೂ ಕೆಳಗಿನದನ್ನು 15 ಬಾರ್ ಒತ್ತಡದಲ್ಲೂ ಅಳೆಯುತ್ತಾರೆ.

ಒಂದು ಮೀಟರ್ ಆಳದ ಮಣ್ಣಿನಲ್ಲಿ ಸಿಗುವ ನೀರು ಸ್ಥೂಲವಾಗಿ ಹೀಗೆ:

- ಮರಳು ಮಣ್ಣು: ಸುಮಾರು 60 ಮಿ.ಮೀ.
- ಮಧ್ಯಮ ಗೋಡು ಮಣ್ಣು: ಸುಮಾರು 140 ಮಿ.ಮೀ.
- ಜಿಗುಟು ಮಣ್ಣು: ಸುಮಾರು 200 ಮಿ.ಮೀ.

ನಮ್ಮ ಕೆಮ್ಮಣ್ಣಿನ ಹೊಲದ ಒಂದು ಉದಾಹರಣೆ ಲೆಕ್ಕ ನೋಡೋಣ. ಮಣ್ಣಿನ ಆಳ 60 ಸೆಂ.ಮೀ. ಹದವಾದಾಗ ತೂಕದಲ್ಲಿ ಶೇ. 18 ನೀರು, ಬಾಡುವಾಗ ಶೇ. 8. ನಡುವಿನ ಅಂತರ ಶೇ. 10. ಮಣ್ಣಿನ ಸಾಂದ್ರತೆ 1.5 ಎಂದಿಟ್ಟುಕೊಂಡರೆ ಸಿಗುವ ನೀರು 90 ಮಿ.ಮೀ. ಆದರೆ ಆ ಮಣ್ಣಿನಲ್ಲಿ ಶೇ. 30 ಭಾಗ ಗರಸು ಕಲ್ಲಿದ್ದರೆ, ಕಲ್ಲು ನೀರು ಹಿಡಿಯುವುದಿಲ್ಲವಾದ್ದರಿಂದ ಉಳಿಯುವುದು 63 ಮಿ.ಮೀ. ಬಿಸಿಲು ದಿನಗಳಲ್ಲಿ ಬೆಳೆ ದಿನಕ್ಕೆ 5 ಮಿ.ಮೀ. ಎಳೆದರೆ 63 ಮಿ.ಮೀ. ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಆದರೆ ಇಳುವರಿ ಕುಸಿಯುವುದು ಪೂರ್ತಿ ಮುಗಿದಾಗಲ್ಲ, ಹೆಚ್ಚುಕಡಿಮೆ ಅರ್ಧ ಮುಗಿದಾಗಲೇ. ಅಂದರೆ ಆರನೇ ದಿನಕ್ಕೇ ನೀರು ಕೊಡಬೇಕು. ಅದೇ ಊರಿನ ತಗ್ಗಿನಲ್ಲಿ ಒಂದು ಮೀಟರ್ ಆಳದ ಜಿಗುಟು ಮಣ್ಣಿದ್ದರೆ 200 ಮಿ.ಮೀ., ಅರ್ಧ ಮುಗಿಯಲು ಇಪ್ಪತ್ತು ದಿನ. ದಿಣ್ಣೆಯ ರಾಗಿ ಬೇಗ ಬಾಡುವುದರ ಗುಟ್ಟು ಇದೇ.

ಇದನ್ನು ಕೊಳವೆಬಾವಿಯ ಲೆಕ್ಕಕ್ಕೆ ತಿರುಗಿಸೋಣ. ಒಂದು ಎಕರೆಗೆ 1 ಮಿ.ಮೀ. ಎಂದರೆ 4,047 ಲೀಟರ್. ಮೇಲಿನ ಗರಸು ಹೊಲದಲ್ಲಿ ಅರ್ಧ ನೀರು ಮುಗಿದಾಗ ಖಾಲಿ ಇರುವ ಜಾಗ ಸುಮಾರು 31 ಮಿ.ಮೀ. ಮಾತ್ರ. ಅಲ್ಲಿಗೆ ಹಾಯಿ ನೀರಿನಲ್ಲಿ 50 ಮಿ.ಮೀ. ಬಿಟ್ಟರೆ ಸುಮಾರು 19 ಮಿ.ಮೀ., ಅಂದರೆ ಎಕರೆಗೆ 75,000 ಲೀಟರಿಗೂ ಹೆಚ್ಚು ನೀರು ಬೇರಿನ ಕೆಳಗೆ ಇಳಿದುಹೋಗುತ್ತದೆ. ಜೊತೆಗೆ ಹಾಕಿದ ಯೂರಿಯಾದ ಒಂದಷ್ಟು ಪಾಲನ್ನೂ ಒಯ್ಯುತ್ತದೆ. ತಮಿಳುನಾಡಿನಲ್ಲಿ ಕೃಷಿ ಪಂಪಿಗೆ ವಿದ್ಯುತ್ ಉಚಿತ, ಹಾಗಾಗಿ ಈ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ಬಾವಿ ಬತ್ತಿದಾಗ ಕಾಣುತ್ತದೆ. ಎರಡೂ ಜಿಲ್ಲೆಗಳ ಹಲವು ಫಿರ್ಕಾಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ ಎಂಬುದನ್ನು ಮರೆಯುವಂತಿಲ್ಲ.

'ಸಿಗುವ ಸತ್ವ' ಎಂದರೇನು?

ಮಣ್ಣಿನಲ್ಲಿ ಇರುವುದು ಬೇರೆ, ಬೆಳೆಗೆ ಸಿಗುವುದು ಬೇರೆ. ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ್ದು. ಆದರೂ ಸುಣ್ಣ ಹೆಚ್ಚಿರುವ ಹೊಲದಲ್ಲಿ ಕಡಲೆಕಾಯಿ ಗಿಡದ ಎಳೆ ಎಲೆ ಕಬ್ಬಿಣದ ಕೊರತೆಯಿಂದ ಹಳದಿಯಾಗುತ್ತದೆ. ರಂಜಕವೂ ಹಾಗೆಯೇ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ, ಸುಣ್ಣದ ಮಣ್ಣಿನಲ್ಲಿ ಸುಣ್ಣ ಹಿಡಿದುಕೊಳ್ಳುತ್ತದೆ. ರಸಸಾರ 6.5ರಿಂದ 7.5ರ ನಡುವೆ ಇದ್ದಾಗ ಹೆಚ್ಚಿನ ಸತ್ವಗಳು ಚೆನ್ನಾಗಿ ಸಿಗುತ್ತವೆ.

ನೀರಿಗೂ ಸತ್ವಕ್ಕೂ ಬಿಡದ ನಂಟಿದೆ. ಸಾರಜನಕ ನೀರಿನ ಜೊತೆ ಹರಿದು ಬೇರಿಗೆ ಬರುತ್ತದೆ. ರಂಜಕ ಮತ್ತು ಪೊಟ್ಯಾಷ್ ಮಣ್ಣಿನ ತೇವದ ಪದರದಲ್ಲಿ ಮೆಲ್ಲನೆ ಸರಿದು ಬರುತ್ತವೆ. ಮಣ್ಣು ಒಣಗಿದರೆ ಆ ದಾರಿ ಕಡಿದುಹೋಗುತ್ತದೆ. ಒಣ ಹೊಲಕ್ಕೆ ಇನ್ನೊಂದು ಮೂಟೆ ಗೊಬ್ಬರ ಸುರಿದರೆ ಫಲ ಕಾಣದಿರುವುದು ಇದಕ್ಕೇ. ನೀರಿನ ನಕ್ಷೆ ಮತ್ತು ಸತ್ವದ ನಕ್ಷೆ ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು ಎನ್ನುವುದೂ ಇದಕ್ಕೇ.

ತಮಿಳುನಾಡಿನ ಪ್ರಯೋಗಾಲಯಗಳು ಬಳಸುವ ಮಟ್ಟಗಳು, ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿ:

- ಸಾರಜನಕ: 280ಕ್ಕಿಂತ ಕೆಳಗೆ ಕಡಿಮೆ, 280ರಿಂದ 450 ಮಧ್ಯಮ, ಮೇಲೆ ಹೆಚ್ಚು
- ರಂಜಕ: 11ಕ್ಕಿಂತ ಕೆಳಗೆ ಕಡಿಮೆ, 11ರಿಂದ 22 ಮಧ್ಯಮ, ಮೇಲೆ ಹೆಚ್ಚು
- ಪೊಟ್ಯಾಷ್: 118ಕ್ಕಿಂತ ಕೆಳಗೆ ಕಡಿಮೆ, 118ರಿಂದ 280 ಮಧ್ಯಮ, ಮೇಲೆ ಹೆಚ್ಚು

ಎಕರೆ ಲೆಕ್ಕ ಬೇಕಾದರೆ 2.47ರಿಂದ ಭಾಗಿಸಬೇಕು.

ನಕ್ಷೆ ಹೇಗೆ ತಯಾರಾಗುತ್ತದೆ?

ಮಣ್ಣು ಸರ್ವೆಯವರು ಮೊದಲು ಉಪಗ್ರಹ ಚಿತ್ರ ಮತ್ತು ಭೂನಕ್ಷೆ ಇಟ್ಟುಕೊಂಡು ದಿಣ್ಣೆ, ಇಳಿಜಾರು, ತಗ್ಗು ಎಂದು ನೆಲವನ್ನು ವಿಂಗಡಿಸುತ್ತಾರೆ. ಮೇಲಿನಿಂದ ಹಳ್ಳದವರೆಗೆ ಒಂದು ಸಾಲಿನಲ್ಲಿ ಆಳುದ್ದದ ಗುಂಡಿ ತೋಡಿಸಿ, ಪದರ ಪದರವಾಗಿ ಬಣ್ಣ, ಕಲ್ಲು, ಜಿಗುಟು, ಸುಣ್ಣ ನೋಡಿ ಬರೆಯುತ್ತಾರೆ. ಒಂದೇ ತರಹದ ಗುಂಡಿಗಳನ್ನು ಒಟ್ಟು ಸೇರಿಸಿ ಅದಕ್ಕೆ ಯಾವುದಾದರೂ ಊರಿನ ಹೆಸರಿಡುತ್ತಾರೆ. ಇದಕ್ಕೆ ಮಣ್ಣಿನ ಸರಣಿ ಎನ್ನುತ್ತಾರೆ. ನಂತರ ಪ್ರತಿ ಪದರದ ನೀರು ಹಿಡಿಯುವ ಶಕ್ತಿಯನ್ನು ಅಳೆದು, ಆಳಕ್ಕೆ ಗುಣಿಸಿ, ಕಲ್ಲನ್ನು ಕಳೆದು ನಕ್ಷೆಗೆ ಬಣ್ಣ ತುಂಬುತ್ತಾರೆ. ಸತ್ವದ ನಕ್ಷೆಗೆ ಮೇಲ್ಮಣ್ಣಿನ ಮಾದರಿಗಳನ್ನು ಜಿಪಿಎಸ್ ಗುರುತಿನೊಂದಿಗೆ ತೆಗೆದು, ಮಾದರಿ ಇಲ್ಲದ ಜಾಗಕ್ಕೆ ಸುತ್ತಲಿನ ಅಂಕಿಗಳಿಂದ ಅಂದಾಜು ಕಟ್ಟುತ್ತಾರೆ.

ನಕ್ಷೆ ನೋಡುವಾಗ ಮೊದಲು ನೋಡಬೇಕಾದ್ದು ಅದರ ಅಳತೆಯನ್ನು. ಬೆಂಗಳೂರಿನ ಹೆಬ್ಬಾಳದಲ್ಲಿ ಕೇಂದ್ರವಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ 1996ರಲ್ಲಿ ಪ್ರಕಟಿಸಿದ ತಮಿಳುನಾಡು ಮಣ್ಣಿನ ನಕ್ಷೆಯ ಅಳತೆ 5 ಲಕ್ಷಕ್ಕೆ ಒಂದು. ಅದರಲ್ಲಿ ಒಂದು ಸೆಂ.ಮೀ. ಚೌಕ ಎಂದರೆ 2,500 ಹೆಕ್ಟೇರ್. ಜಿಲ್ಲೆಯ ಯೋಜನೆಗೆ ಸರಿ, ಹೊಲಕ್ಕೆ ಸಾಲದು. 50,000ಕ್ಕೆ ಒಂದರ ನಕ್ಷೆಯಲ್ಲಿ ಅದೇ ಚೌಕ 25 ಹೆಕ್ಟೇರ್. 7,920ಕ್ಕೆ ಒಂದರ ಗ್ರಾಮ ನಕ್ಷೆಯಲ್ಲಿ ಅದು ಸುಮಾರು ಒಂದೂವರೆ ಎಕರೆ. ಸರ್ವೆ ನಂಬರು ಕಾಣುವುದು ಈ ಕೊನೆಯದರಲ್ಲಿ.

ಧರ್ಮಪುರಿಯ 'ತುಲ್ಲಿಯ ಪಣ್ಣೈ'

ಮಣ್ಣಿನ ನೀರು, ಸತ್ವ ಅಳೆದು ಅದಕ್ಕೆ ತಕ್ಕಂತೆ ಬೆಳೆಗೆ ಉಣಿಸುವ ಕೆಲಸದಲ್ಲಿ ನಮ್ಮ ಸೀಮೆಗೆ ಹೆಸರು ತಂದದ್ದು ತಮಿಳುನಾಡು ನಿಖರ ಬೇಸಾಯ ಯೋಜನೆ. ರಾಜ್ಯ ಸರ್ಕಾರದ ಹಣದಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 2004-05ರಿಂದ 2006-07ರವರೆಗೆ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ 400 ಹೆಕ್ಟೇರಿನಲ್ಲಿ ಇದನ್ನು ನಡೆಸಿತು.

ಆಗ ಸೀಮೆ ಸತತ ಬರದಿಂದ ಕಂಗೆಟ್ಟಿತ್ತು. ಮೊದಲ ವರ್ಷ ಸೇರಲು ರೈತರು ಹಿಂಜರಿದರು. ಸೇರಿದವರ ಹೊಲದಲ್ಲಿ ಮೊದಲು ಮಣ್ಣು ಪರೀಕ್ಷೆಯಾಯಿತು. ಉಳಿ ನೇಗಿಲಿನಿಂದ ಆಳ ಉಳುಮೆ ಮಾಡಿ ಅಡಿಯ ಗಟ್ಟಿ ಪದರ ಒಡೆಯಲಾಯಿತು. ಇದು ಕೇವಲ ಉಳುಮೆಯಲ್ಲ. ಗಟ್ಟಿ ಪದರ ಒಡೆದರೆ ಬೇರು ಇಳಿಯುವ ಆಳ ಹೆಚ್ಚುತ್ತದೆ, ಮೇಲಿನ ಲೆಕ್ಕದಂತೆ ಸಿಗುವ ನೀರೂ ಹೆಚ್ಚುತ್ತದೆ. ನೆರಳು ಬಲೆಯಡಿ ತಟ್ಟೆಯಲ್ಲಿ ಬೆಳೆಸಿದ ಸಸಿ, ಹನಿ ನೀರಾವರಿ, ನೀರಿನಲ್ಲಿ ಕರಗುವ ಗೊಬ್ಬರವನ್ನು ಹನಿಯಲ್ಲೇ ಕೊಡುವ ರಸಾವರಿ ಬಂದವು. ಮೊದಲ ಬೆಳೆ ಪೂರ್ತಿ ವಿಜ್ಞಾನಿಗಳ ಮಾರ್ಗದರ್ಶನದಲ್ಲಿ ನಡೆಯಿತು, ಮುಂದಿನ ಬೆಳೆಗಳನ್ನು ರೈತರೇ ನಡೆಸಿದರು. ಸಂಘ ಕಟ್ಟಿಕೊಂಡು ಟೊಮೆಟೊ ಮುಂತಾದ ತರಕಾರಿಯನ್ನು ಒಟ್ಟಾಗಿ ಮಾರಿದರು. ಇಳುವರಿ ಏರಿತು, ಗುಣಮಟ್ಟವೂ ಏರಿತು. ನಂತರ ಇದೇ ಮಾದರಿ ರಾಜ್ಯದ ಬೇರೆ ಜಿಲ್ಲೆಗಳಿಗೂ ಹೋಯಿತು.

ಇದರಲ್ಲಿ ಕಲಿಯಬೇಕಾದ ಮಾತು ಒಂದಿದೆ. ಹನಿ ಪೈಪು ಹಾಕಿದ ಮಾತ್ರಕ್ಕೆ ಬೇಸಾಯ ನಿಖರವಾಗುವುದಿಲ್ಲ. ಮಣ್ಣು ಎಷ್ಟು ಹಿಡಿಯುತ್ತದೆ ಎಂದು ತಿಳಿಯದೆ ಕರೆಂಟ್ ಇರುವಷ್ಟು ಹೊತ್ತು ಹನಿ ಬಿಟ್ಟರೆ ಅದೂ ಪೋಲೇ. ಇಂದು ತಮಿಳುನಾಡಿನಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹನಿ ನೀರಾವರಿಗೆ ಶೇ. 100, ಉಳಿದವರಿಗೆ ಶೇ. 75 ಸಹಾಯಧನವಿದೆ. ಅದರ ಜೊತೆಗೆ ಮಣ್ಣಿನ ಲೆಕ್ಕವೂ ಬಂದರೆ ಲಾಭ ಪೂರ್ತಿಯಾಗುತ್ತದೆ.

ಮಣ್ಣಿನ ಕಾರ್ಡು: ಸರಾಸರಿಯ ಮೋಸ

ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾಯಿತು. ಕಾರ್ಡಿನಲ್ಲಿ 12 ಅಂಶಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸಿಗುವ ನೀರಿನ ಅಂಕಿ ಇದರಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು.

ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿ ನೆಲದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಧಾರಿತ ನೆಲದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಚೌಕ ಪದ್ಧತಿ ಇತ್ತು. ಹತ್ತು ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ತಂಜಾವೂರಿನಂತಹ ಸಮತಟ್ಟು ಬಯಲಿಗೆ ಇದು ನಡೆದೀತು. ಪೆನ್ನಾಗರದ ಏರುತಗ್ಗಿನ ನೆಲದಲ್ಲಿ 25 ಎಕರೆಯೊಳಗೆ ದಿಣ್ಣೆಯೂ ಇರುತ್ತದೆ, ಹಳ್ಳವೂ ಇರುತ್ತದೆ. ಮೇಲಿನ ಹೊಲದ ರಂಜಕ 6, ಕೆಳಗಿನದು 30 ಎಂದುಕೊಳ್ಳಿ. ಎರಡೂ ಬೆರೆಸಿದ ಮಾದರಿಯ ಫಲಿತಾಂಶ 18, ಅಂದರೆ 'ಮಧ್ಯಮ'. ಕಾರ್ಡಿನಂತೆ ಇಬ್ಬರೂ ಒಂದೇ ಪ್ರಮಾಣದ ಗೊಬ್ಬರ ಹಾಕಿದರೆ ಮೇಲಿನವರ ಬೆಳೆಗೆ ಸಾಲುವುದಿಲ್ಲ, ಕೆಳಗಿನವರ ದುಡ್ಡು ಮಣ್ಣುಪಾಲು. ಕಾರ್ಡು ಸುಳ್ಳು ಹೇಳಿಲ್ಲ, ಆದರೆ ಇಬ್ಬರಲ್ಲಿ ಯಾರ ಹೊಲವನ್ನೂ ಹೇಳಿಲ್ಲ.

ಊರಿಗೆ ಕೊಡುವ ಸೂಚ್ಯಂಕವೂ ಹೀಗೆಯೇ. 100 ಮಾದರಿಯಲ್ಲಿ 60 ಕಡಿಮೆ, 30 ಮಧ್ಯಮ, 10 ಹೆಚ್ಚು ಇದ್ದರೆ ಕ್ರಮವಾಗಿ 1, 2, 3ರಿಂದ ಗುಣಿಸಿ ಕೂಡಿ 100ರಿಂದ ಭಾಗಿಸುತ್ತಾರೆ. ಬರುವುದು 1.5. ಅದು 1.67ಕ್ಕಿಂತ ಕಡಿಮೆಯಾದ್ದರಿಂದ ಇಡೀ ಊರು 'ಕಡಿಮೆ' ಎಂದು ನಕ್ಷೆಯಲ್ಲಿ ಒಂದೇ ಬಣ್ಣ ಪಡೆಯುತ್ತದೆ. ಆದರೆ ಅಲ್ಲಿ 40 ಮಾದರಿಗಳು ಆ ಬಣ್ಣದವಲ್ಲ. ಗೊಬ್ಬರದ ದಾಸ್ತಾನು ತರಿಸಲು ಊರಿನ ಬಣ್ಣ ಸಾಕು, ಹೊಲಕ್ಕೆ ಹಾಕಲು ಹೊಲದ್ದೇ ಮಾದರಿ ಬೇಕು.

ಗಡಿಯಾಚೆ ಏನಾಗಿದೆ?

ಕರ್ನಾಟಕ ಸರ್ಕಾರ 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ಭೂಚೇತನ ಆರಂಭಿಸಿತು. ಮಳೆಯಾಧಾರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿದೆ ಎಂಬುದು ಅದರಿಂದ ಎದ್ದು ಕಂಡಿತು. ಆಮೇಲೆ ವಿಶ್ವ ಬ್ಯಾಂಕ್ ನೆರವಿನ ಸುಜಲಾ-3 ಯೋಜನೆಯಲ್ಲಿ ಚಾಮರಾಜನಗರ ಸೇರಿದಂತೆ 11 ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ 7,920ಕ್ಕೆ ಒಂದರ ಗ್ರಾಮ ನಕ್ಷೆಯ ಮೇಲೆ ಭೂ ಸಂಪನ್ಮೂಲ ಸಮೀಕ್ಷೆ ನಡೆಯಿತು. ಮಣ್ಣಿನ ಆಳ, ಗರಸು, ಇಳಿಜಾರು, ಸತ್ವಗಳ ಜೊತೆಗೆ ಸಿಗುವ ನೀರಿನ ನಕ್ಷೆಯೂ ಸರ್ವೆ ನಂಬರುವಾರು ಇದರಲ್ಲಿದೆ. ಮೀಟರಿಗೆ 50 ಮಿ.ಮೀ.ಗಿಂತ ಕೆಳಗೆ ಅತಿ ಕಡಿಮೆ, 100ರವರೆಗೆ ಕಡಿಮೆ, 150ರವರೆಗೆ ಮಧ್ಯಮ, 200ರವರೆಗೆ ಹೆಚ್ಚು ಎಂದು ವರ್ಗ ಮಾಡಿದ್ದಾರೆ. ಕಾವೇರಿ, ಪಾಲಾರ್ ಆಚೆ ಜಮೀನಿರುವವರು, ನೆಂಟರಿರುವವರು ಇದನ್ನು ಕೇಳಿ ನೋಡಬಹುದು. ಕಲ್ಲು, ಮಳೆ, ಇಳಿಜಾರು ಗಡಿಯಲ್ಲಿ ಬದಲಾಗುವುದಿಲ್ಲವಾದ್ದರಿಂದ ಈಚೆಯವರಿಗೂ ಅದು ದಾರಿ ತೋರಿಸುತ್ತದೆ.

ಆದರೆ ಎರಡು ರಾಜ್ಯದ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕ ಇಡಬಾರದು. ಸುಜಲಾ ನಕ್ಷೆಯಲ್ಲಿ ರಂಜಕ 23ಕ್ಕಿಂತ ಕೆಳಗಿದ್ದರೆ ಕಡಿಮೆ, 57ಕ್ಕಿಂತ ಮೇಲಿದ್ದರೆ ಹೆಚ್ಚು. ತಮಿಳುನಾಡಿನಲ್ಲಿ ಅದೇ 11 ಮತ್ತು 22. ಕಾರಣ, ಒಂದು ಕಡೆ ಗೊಬ್ಬರದ ಮೂಟೆಯ ಮೇಲೆ ಬರೆಯುವಂತೆ ಆಕ್ಸೈಡ್ ರೂಪದ ಲೆಕ್ಕ, ಇನ್ನೊಂದು ಕಡೆ ಬರೀ ರಂಜಕದ ಲೆಕ್ಕ. ತಮಿಳುನಾಡಿನ ರಂಜಕದ ಅಂಕಿಯನ್ನು 2.29ರಿಂದ, ಪೊಟ್ಯಾಷ್ ಅಂಕಿಯನ್ನು 1.2ರಿಂದ ಗುಣಿಸಿದರೆ ಎರಡೂ ಹತ್ತಿರ ಬರುತ್ತವೆ. ಸತುವಿನ ಗೆರೆಯೂ ಬೇರೆ. ಕರ್ನಾಟಕದ ನಕ್ಷೆಗಳಲ್ಲಿ 0.6 ಪಿಪಿಎಂ, ತಮಿಳುನಾಡಿನ ಶಿಫಾರಸಿನಲ್ಲಿ 1.2 ಪಿಪಿಎಂ. ಅಂದರೆ 0.9 ಇರುವ ಹೊಲ ಆಚೆ ಸಾಕಷ್ಟು ಎನಿಸಿದರೆ ಈಚೆ ಕೊರತೆ ಎನಿಸುತ್ತದೆ. ಮಣ್ಣು ಪರೀಕ್ಷೆ ಎಲ್ಲಿ ಆಯಿತೋ ಆ ರಾಜ್ಯದ ಪಟ್ಟಿಯಂತೆಯೇ ಗೊಬ್ಬರ ನಿರ್ಧರಿಸುವುದು ಕ್ಷೇಮ.

ಉಪಗ್ರಹ ಎಷ್ಟು ನೋಡಬಲ್ಲದು?

2015ರಲ್ಲಿ ಹಾರಿದ ನಾಸಾದ ಸ್ಮ್ಯಾಪ್ ಉಪಗ್ರಹ ಎರಡು ಮೂರು ದಿನಕ್ಕೊಮ್ಮೆ ಮಣ್ಣಿನ ತೇವ ಅಳೆಯುತ್ತದೆ. ಆದರೆ ಅದರ ಒಂದು ಚುಕ್ಕೆ ಹತ್ತಾರು ಕಿ.ಮೀ. ಅಗಲ, ಅಳೆಯುವುದು ಮೇಲಿನ 5 ಸೆಂ.ಮೀ. ಮಾತ್ರ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹದ ರೇಡಾರ್ ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ನೋಡಬಲ್ಲದು, 12 ದಿನಕ್ಕೊಮ್ಮೆ ಒಂದೇ ಜಾಗಕ್ಕೆ ಮರಳುತ್ತದೆ. ಆದರೂ ಬೇರಿನ ಆಳದ ನೀರು, ಅಡಿಯ ಗರಸು ಮೇಲಿನಿಂದ ಕಾಣದು. ಅದಕ್ಕೆ ಗುಂಡಿಯೇ ಬೇಕು.

ತಮಿಳು ಕಾರ್ಡು ಓದಲು ಪದಗಳು

- ತಳೈಚ್ಚತ್ತು: ಸಾರಜನಕ. ತಳೈ ಎಂದರೆ ಸೊಪ್ಪು
- ಮಣಿಚ್ಚತ್ತು: ರಂಜಕ. ಮಣಿ ಎಂದರೆ ಕಾಳು
- ಸಾಂಬಲ್ ಸತ್ತು: ಪೊಟ್ಯಾಷ್. ಸಾಂಬಲ್ ಎಂದರೆ ಬೂದಿ
- ಕಂದಗಂ: ಗಂಧಕ
- ತುತ್ತನಾಗಂ: ಸತು
- ಇರುಂಬು: ಕಬ್ಬಿಣ
- ಅಂಗಗ ಕರಿಮಂ: ಸಾವಯವ ಇಂಗಾಲ
- ಕಾರ ಅಮಿಲ ನಿಲೈ: ರಸಸಾರ
- ಕುರೈವು, ಮತ್ತಿಯಂ, ಅದಿಗಂ: ಕಡಿಮೆ, ಮಧ್ಯಮ, ಹೆಚ್ಚು

ನಿಮ್ಮ ಹೊಲದ ನಕ್ಷೆ ನೀವೇ ಮಾಡಿ

1. ಹೊಲದ ಪುಲಪ್ಪಡದ ನಕಲು ಅಥವಾ ಕೈಯಿಂದ ಬರೆದ ಚಿತ್ರ ಇಟ್ಟುಕೊಳ್ಳಿ. ಬಣ್ಣ, ಇಳಿಜಾರು, ಬೆಳೆಯ ಎತ್ತರ ಬದಲಾಗುವ ಕಡೆ ಗೆರೆ ಎಳೆಯಿರಿ. ಮಳೆ ನಿಂತ ಮೇಲೆ ಯಾವ ಭಾಗ ಮೊದಲು ಬಾಡುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ. ಅವರ ಮಾತೇ ನಕ್ಷೆಯ ಅರ್ಧ.

2. ಪ್ರತಿ ಭಾಗದಲ್ಲಿ ಒಂದು ಕಡೆ ಮೊಣಕಾಲಿನಿಂದ ಸೊಂಟದ ಆಳಕ್ಕೆ ಅಗೆಯಿರಿ. ಗಟ್ಟಿ ಕಲ್ಲು ಅಥವಾ ಗರಸು ಎಷ್ಟರಲ್ಲಿ ಸಿಕ್ಕಿತು ಎಂದು ಬರೆದಿಡಿ. ಇದೇ ನಿಮ್ಮ ನೀರಿನ ತೊಟ್ಟಿಯ ಆಳ. ನೋಡಿದ ಮೇಲೆ ಗುಂಡಿ ಮುಚ್ಚಿ.

3. ಪ್ರತಿ ಭಾಗದಿಂದ ಬೇರೆ ಬೇರೆ ಮಾದರಿ ತೆಗೆಯಿರಿ, ಎರಡನ್ನು ಬೆರೆಸಬೇಡಿ. ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ ಕಸ ಸರಿಸಿ 'ವಿ' ಆಕಾರದಲ್ಲಿ ಅಗೆದು, ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಮಣ್ಣು ಕೆರೆಯಿರಿ. ರಾಗಿ, ಕಡಲೆಕಾಯಿಗೆ 15 ಸೆಂ.ಮೀ. ಆಳ, ಮರಗೆಣಸು, ಕಬ್ಬು, ಹತ್ತಿ, ತರಕಾರಿಗೆ 22 ಸೆಂ.ಮೀ. ಸಾಕು. ಮಾವಿನ ತೋಟಕ್ಕೆ 30, 60, 90 ಸೆಂ.ಮೀ. ಬೇರೆ ಬೇರೆಯಾಗಿ ಬೇಕು.

4. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ಗೊಬ್ಬರ ಹಾಕಿದ ಹೊಸ ಸಾಲು ಬಿಡಿ. ಗೊಬ್ಬರದ ಚೀಲ, ಸತು ಲೇಪದ ಬಕೆಟ್ ಬಳಸಬೇಡಿ.

5. ಮಣ್ಣನ್ನು ಹರಡಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕಿಲೋ ಉಳಿಸಿ. ನೆರಳಲ್ಲಿ ಒಣಗಿಸಿ, ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಹಾಕಿ ಕೊಡಿ.

6. ಬಂದ ಫಲಿತಾಂಶವನ್ನು ಅದೇ ಚಿತ್ರದ ಮೇಲೆ ಬರೆಯಿರಿ. ಎರಡು ಮೂರು ವರ್ಷಕ್ಕೊಮ್ಮೆ ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸುತ್ತಾ ಹೋಗಿ.

ಎಲ್ಲಿ ಕೇಳಬೇಕು?

ಮಣ್ಣು ಪರೀಕ್ಷೆಗೆ ನಿಮ್ಮ ವಟ್ಟಾರದ ಕೃಷಿ ವಿಸ್ತರಣಾ ಕೇಂದ್ರದ ಮೂಲಕ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಬಹುದು. ಧರ್ಮಪುರಿಯವರಿಗೆ ಪಾಪ್ಪಾರಪಟ್ಟಿ, ಸೇಲಂನವರಿಗೆ ಸಂದಿಯೂರು ಕೃಷಿ ವಿಜ್ಞಾನ ಕೇಂದ್ರಗಳಿವೆ. ಮರಗೆಣಸು ಬೆಳೆಯುವವರಿಗೆ ಏತ್ತಾಪೂರ್ ಸಂಶೋಧನಾ ಕೇಂದ್ರ, ಕೃಷ್ಣಗಿರಿ ಕಡೆಯವರಿಗೆ ಪೈಯೂರು ಪ್ರಾದೇಶಿಕ ಸಂಶೋಧನಾ ಕೇಂದ್ರ, ಚಾಮರಾಜನಗರದ ಕಡೆ ಜಮೀನಿರುವವರಿಗೆ ಹರದನಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ತಮಿಳುನಾಡು ಕೃಷಿ ಇಲಾಖೆಯ 'ತಮಿಳ್ ಮಣ್ವಳಂ' ಜಾಲತಾಣದಲ್ಲಿ ಸರ್ವೆ ನಂಬರು ಕೊಟ್ಟು ಮಣ್ಣಿನ ವಿವರ ನೋಡಬಹುದು. ಆ ಅಂಕಿ ನಿಮ್ಮ ಹೊಲದಲ್ಲೇ ತೆಗೆದ ಮಾದರಿಯದೋ ಪಕ್ಕದ ಚೌಕದ್ದೋ ಎಂದು ಅಧಿಕಾರಿಯನ್ನು ಕೇಳಲು ಸಂಕೋಚ ಬೇಡ.

ಇನ್ನೊಂದು ಕೊಳವೆಬಾವಿ ತೋಡಿಸಲು ಲಕ್ಷಗಟ್ಟಲೆ ಸಾಲ ಮಾಡುವ ಮುಂಚೆ ಒಂದು ದಿನ ಗುದ್ದಲಿ ಹಿಡಿದು ಹೊಲದಲ್ಲಿ ನಾಲ್ಕು ಗುಂಡಿ ತೆಗೆದು ನೋಡುವುದು ಒಳ್ಳೆಯದು. ಬಾವಿಯ ನೀರು ಎಷ್ಟೇ ಇರಲಿ, ಬೆಳೆ ಕುಡಿಯುವುದು ಮಣ್ಣು ಹಿಡಿದಷ್ಟನ್ನೇ.